ಗ್ರಹಣದ ಲೆಕ್ಕ, ಗ್ರಹಣದ ಅಂಜಿಕೆ

1980ರ ಫೆಬ್ರುವರಿ 16, ಶನಿವಾರ. ಅಂದು ಮಧ್ಯಾಹ್ನ ಚಂದ್ರನ ನೆರಳು ಉತ್ತರ ಕನ್ನಡದ ಕರಾವಳಿ ಹತ್ತಿ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯನ್ನು ಹಾದು ಪೂರ್ವಕ್ಕೆ ಸಾಗಿತು. ವೈನು ಬಾಪು ನೇತೃತ್ವದ ಭಾರತೀಯ ಖಭೌತ ಸಂಸ್ಥೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣಗಳನ್ನು ಹೂಡಿ ಕಾದಿತ್ತು. ಎರಡು ನಿಮಿಷ ಚಿಲ್ಲರೆ ಹೊತ್ತಿನ ಕತ್ತಲೆಗಾಗಿ ಇಷ್ಟೆಲ್ಲ ಸಿದ್ಧತೆ. ಊರ ಜನರಲ್ಲಿ ಬಹುಪಾಲು ಬಾಗಿಲು ಹಾಕಿಕೊಂಡು ಒಳಗಿದ್ದರು.

ಬರಿಗಣ್ಣಲ್ಲಿ ಸೂರ್ಯನನ್ನು ನೋಡಿದರೆ ದೃಷ್ಟಿ ಹೋದೀತು ಎಂಬ ಎಚ್ಚರಿಕೆ ಆಗ ಪತ್ರಿಕೆಗಳಲ್ಲೂ ರೇಡಿಯೊದಲ್ಲೂ ಬಂದಿತ್ತು. ಎಚ್ಚರಿಕೆ ಸರಿಯಾದದ್ದೇ. ಆದರೆ ವೈದ್ಯರ ಈ ಮಾತು ಅಜ್ಜಿಯ ಕಟ್ಟಳೆಯ ಜೊತೆ ಸಲೀಸಾಗಿ ಬೆರೆತುಹೋಯಿತು. ಕಣ್ಣಿಗೆ ಹೆದರಿದವರೂ ರಾಹುವಿಗೆ ಹೆದರಿದವರೂ ಒಂದೇ ಚಿಲಕ ಹಾಕಿಕೊಂಡರು. ಬೀದಿಗಳು ಬಿಕೋ ಎಂದವು.

ಗ್ರಹಣದ ಕಾರಣ ನಮ್ಮವರಿಗೆ ತಿಳಿಯದ್ದೇನೂ ಆಗಿರಲಿಲ್ಲ. ಆರ್ಯಭಟ ಕ್ರಿ.ಶ. 499ರಲ್ಲೇ ಸೂರ್ಯನನ್ನು ಚಂದ್ರ ಮರೆಮಾಡುತ್ತಾನೆ, ಚಂದ್ರನನ್ನು ಭೂಮಿಯ ನೆರಳು ಮುಚ್ಚುತ್ತದೆ ಎಂದು ಬರೆದಿದ್ದ. ವರಾಹಮಿಹಿರನೂ ಅದನ್ನೇ ವಾದಿಸಿದ. ಆದರೆ 628ರಲ್ಲಿ ಗ್ರಂಥ ರಚಿಸಿದ ಬ್ರಹ್ಮಗುಪ್ತ ರಾಹುವಿನ ಪರ ನಿಂತ. ವಿಚಿತ್ರವೆಂದರೆ ಅವನ ಗಣಿತ ಮಾತ್ರ ನೆರಳಿನದೇ. ಹನ್ನೊಂದನೆಯ ಶತಮಾನದಲ್ಲಿ ಇದನ್ನು ಓದಿದ ಅಲ್‌ಬೆರೂನಿಗೆ ಅಚ್ಚರಿಯಾಯಿತು. ಇಷ್ಟು ಬಲ್ಲವನು ಸಮಾಜಕ್ಕೆ ಅಂಜಿ ಹಾಗೆ ಬರೆದನೋ ಏನೋ ಎಂದು ಅವನು ಶಂಕಿಸಿದ.

ಕನ್ನಡ ನಾಡಿನ ಶಾಸನಗಳಲ್ಲಿ ಗ್ರಹಣಕ್ಕೆ ಇನ್ನೊಂದು ಮುಖವಿದೆ. ಅದು ದಾನದ ಪುಣ್ಯಕಾಲ. ಸೂರ್ಯಗ್ರಹಣದಂದು ಧಾರೆಯೆರೆದು ಭೂಮಿ ಬಿಟ್ಟುಕೊಟ್ಟ ಉಲ್ಲೇಖಗಳು ಕಲ್ಲಿನ ಮೇಲೂ ತಾಮ್ರಪಟಗಳಲ್ಲೂ ಬೇಕಾದಷ್ಟಿವೆ. ಜೆ.ಎಫ್. ಫ್ಲೀಟ್‌ನಂಥ ವಿದ್ವಾಂಸರು ಗ್ರಹಣಗಳನ್ನು ಹಿಂದಕ್ಕೆ ಗುಣಿಸಿ ಶಾಸನಗಳ ಕಾಲವನ್ನು ಪರೀಕ್ಷಿಸಿದರು. ಶಾಸನಗಳು ಹೇಳುವ ಕೆಲವು ಗ್ರಹಣಗಳು ಭಾರತದಲ್ಲಿ ಕಾಣಿಸಿರಲೇ ಇಲ್ಲ ಎಂಬುದು ಆಗ ಗೊತ್ತಾಯಿತು. ಆಕಾಶದಲ್ಲಿ ಏನೂ ಕಾಣದಿದ್ದರೂ ಜೋಯಿಸರ ಲೆಕ್ಕದ ಮೇಲೆ ಭರವಸೆಯಿಟ್ಟು ದಾನ ನಡೆದಿತ್ತು!

ಆ ಲೆಕ್ಕ ನಡೆಯುತ್ತಿದ್ದ ಬಗೆಯನ್ನು ಜಾನ್ ವಾರನ್ 1825ರಲ್ಲಿ ದಾಖಲಿಸಿದ್ದಾನೆ. ಪಾಂಡಿಚೇರಿಯ ತಮಿಳು ಪಂಚಾಂಗಕಾರನೊಬ್ಬ ನೆಲದ ಮೇಲೆ ಕವಡೆಗಳನ್ನು ಜೋಡಿಸುತ್ತ, ಪದಗಳ ರೂಪದಲ್ಲಿ ಬಾಯಿಪಾಠ ಮಾಡಿದ್ದ ಕೋಷ್ಟಕಗಳನ್ನು ನೆನೆಯುತ್ತ, ಆ ವರ್ಷದ ಚಂದ್ರಗ್ರಹಣವನ್ನು ಗುಣಿಸಿದ. ಗ್ರಹಣದ ಆರಂಭದಲ್ಲಿ ಅವನ ತಪ್ಪು ನಾಲ್ಕು ನಿಮಿಷದಷ್ಟು, ಕೊನೆಯಲ್ಲಿ 52 ನಿಮಿಷ. ಕಾಗದ ಬಳಸದ ಲೆಕ್ಕ ಅದು.

ಹೀಗೆ ಯಾವಾಗ ಎಂಬುದನ್ನು ಗಣಿತ ಹೇಳಿತು, ಏನು ಮಾಡಬೇಕು ಎಂಬುದನ್ನು ಆಚಾರ ಹೇಳಿತು. ಪಂಚಾಂಗದಲ್ಲಿ ಸ್ಪರ್ಶ, ಮಧ್ಯ, ಮೋಕ್ಷದ ಗಂಟೆ ನಿಮಿಷಗಳ ಪಕ್ಕದಲ್ಲೇ ಯಾವ ರಾಶಿಗೆ ಅನಿಷ್ಟ ಎಂಬುದೂ ಅಚ್ಚಾಗುತ್ತದೆ. ಒಂದು ಇನ್ನೊಂದನ್ನು ಪ್ರಶ್ನಿಸುವ ಪ್ರಸಂಗ ಬರಲಿಲ್ಲ. ಸ್ಪರ್ಶಕ್ಕೆ ಮೊದಲು ಅಡುಗೆ ಪಾತ್ರೆಗಳು ಖಾಲಿಯಾದವು. ನೀರಿನ ಕೊಡ, ಉಪ್ಪಿನಕಾಯಿ ಜಾಡಿಗಳ ಮೇಲೆ ದರ್ಭೆ ಬಿತ್ತು. ಬಸುರಿ ಈಳಿಗೆಮಣೆ ಮುಟ್ಟುವಂತಿಲ್ಲ. ಬಿಟ್ಟ ಮೇಲೆ ತಲೆಗೆ ಸ್ನಾನ.

ಹಳ್ಳಿಗಳಲ್ಲಿ ಒನಕೆಯ ಪ್ರಯೋಗವೂ ಉಂಟು. ತಟ್ಟೆಯಲ್ಲಿ ನೀರು ಹಾಕಿ ನಡುವೆ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಹಿಡಿದಿರುವ ತನಕ ಅದು ಆಧಾರವಿಲ್ಲದೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬ ನಂಬಿಕೆ. ತಳ ಸಮತಟ್ಟಾಗಿರುವ ಒನಕೆ ಜಾಗರೂಕತೆಯಿಂದ ಇಟ್ಟರೆ ಯಾವ ದಿನವಾದರೂ ನಿಲ್ಲುತ್ತದೆ. ಆದರೆ ಬೇರೆ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ.

1995ರ ಅಕ್ಟೋಬರ್ 24ರ ಖಗ್ರಾಸ ಗ್ರಹಣದ ಹೊತ್ತಿಗೆ ಗಾಳಿ ತುಸು ಬದಲಾಗಿತ್ತು. ಉತ್ತರ ಭಾರತದಲ್ಲಿ ಜನ ಸೌರ ಕನ್ನಡಕ ಹಿಡಿದು ಬಯಲಿಗೆ ಬಂದರು. ದೂರದರ್ಶನ ನೇರಪ್ರಸಾರ ಮಾಡಿತು. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ನೋಡಲು ಕೊಡಗಿನ ಕುಟ್ಟಕ್ಕೆ ಜನ ಹೋದರು. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾದೀತೆಂದು ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ರಾಜ್ಯ ವಿಧಾನಮಂಡಲ ಮೌಢ್ಯ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟು ಎರಡು ವರ್ಷವಾಗಿತ್ತು. ಕಾಯ್ದೆ ಜಾರಿಗೆ ಬಂದದ್ದು ಮರುತಿಂಗಳು, 2020ರ ಜನವರಿಯಲ್ಲಿ.