ಹಾವಿನ ಪೆಟ್ಟಿಗೆಗೆ ನೀರು ಸ್ಪ್ರೇ ಮಾಡಿದರೆ ತೇವಾಂಶ ಸರಿಯಾಗುತ್ತದೆಯೇ?

ಸಾಕಿದ ಹಾವು ಪೊರೆಯನ್ನು ಸರಿಯಾಗಿ ಬಿಡದಿದ್ದರೆ ಪೆಟ್ಟಿಗೆಗೆ ಆಗಾಗ ನೀರು ಸ್ಪ್ರೇ ಮಾಡಿ ಎನ್ನುವವರಿದ್ದಾರೆ. ಇದು ಅರ್ಧ ಸತ್ಯ.

ಅನೇಕ ದೇಶಗಳಲ್ಲಿ ಸಾಕುವ ಬಾಲ್ ಪೈಥಾನನ್ನೇ ನೋಡೋಣ. (ನಮ್ಮ ಹೆಬ್ಬಾವು, ನಾಗರಹಾವು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಬಾಲ್ ಪೈಥಾನ್ ಸಾಕಲು ಇಲ್ಲಿ ನೋಂದಣಿ ಬೇಕು.) ಆಫ್ರಿಕಾದ ಈ ಹಾವು ಹಗಲು ಇಲಿಗಳ ಬಿಲ, ಗೆದ್ದಲು ಹುತ್ತಗಳಲ್ಲಿ ಅಡಗಿರುತ್ತದೆ. ಹೊರಗೆ ಒಣ ಹವೆಯಿದ್ದರೂ ಮಣ್ಣಿನೊಳಗೆ ತೇವವಿರುತ್ತದೆ. ಹಾಗಾಗಿ ಪೆಟ್ಟಿಗೆಯಲ್ಲಿ ಶೇ. 60ರ ಆಸುಪಾಸು, ಪೊರೆ ಬಿಡುವ ದಿನಗಳಲ್ಲಿ ಶೇ. 70ರಷ್ಟು ತೇವಾಂಶ ಬೇಕು. ಕಡಿಮೆಯಾದರೆ ಪೊರೆ ಚೂರುಚೂರಾಗಿ ಮೈಗಂಟುತ್ತದೆ. ಬಾಲದ ತುದಿಗೆ ಸುತ್ತಿಕೊಂಡ ಪೊರೆ ರಕ್ತ ಸಂಚಾರವನ್ನೇ ತಡೆಯಬಹುದು. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಮುಚ್ಚಿರುವ ಪಾರದರ್ಶಕ ಪದರವೂ ಪೊರೆಯ ಜೊತೆಗೇ ಕಳಚಬೇಕು. ಅದು ಉಳಿದುಕೊಂಡರೆ ದಯವಿಟ್ಟು ಚಿಮಟದಿಂದ ಕೀಳಬೇಡಿ, ಕಣ್ಣೇ ಹೋದೀತು.

ಸ್ಪ್ರೇ ಮಾಡಿದೊಡನೆ ತೇವಾಂಶ ಏರುತ್ತದೆ, ನಿಜ. ಆದರೆ ಮುಚ್ಚಳ ಜಾಲರಿಯದಾದರೆ ದೀಪದ ಶಾಖಕ್ಕೆ ಅಷ್ಟೇ ಬೇಗ ಇಳಿಯುತ್ತದೆ. ಮತ್ತೆ ಮತ್ತೆ ಸ್ಪ್ರೇ ಮಾಡಿದರೆ ಹಾಸಿನ ಮೇಲ್ಭಾಗ ಸದಾ ಒದ್ದೆಯಾಗಿ, ಹಾವಿನ ಹೊಟ್ಟೆಯ ಹುರುಪೆಗಳು ಕೊಳೆಯತೊಡಗುತ್ತವೆ. ಬದಲಿಗೆ ತೆಂಗಿನ ಸಿಪ್ಪೆಯ ಚೂರುಗಳನ್ನು ನಾಲ್ಕು ಬೆರಳು ದಪ್ಪ ಹಾಸಿ, ಮೂಲೆಗಳಲ್ಲಿ ನೀರು ಸುರಿದು ತಳವನ್ನಷ್ಟೇ ನೆನೆಸಿ. ಜಾಲರಿಯ ಬಹುಭಾಗ ಮುಚ್ಚಿ, ಗಾಳಿಯಾಡಲು ಸ್ವಲ್ಪ ಬಿಡಿ. ಡಿಜಿಟಲ್ ಹೈಗ್ರೋಮೀಟರಿನ ಸೆನ್ಸರ್ ಹಾವು ಮಲಗುವ ಮಟ್ಟದಲ್ಲಿರಲಿ. ಗೋಡೆಗೆ ಅಂಟಿಸುವ ಅಗ್ಗದ ಮುಳ್ಳಿನ ಮಾಪಕಗಳನ್ನು ನಾವಂತೂ ನಂಬುವುದಿಲ್ಲ.

ಹಾವು ಬಾಯಿ ತೆರೆದು ಉಸಿರಾಡುತ್ತಿದ್ದರೆ ಅಥವಾ ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ ಅದು ಶ್ವಾಸಕೋಶದ ಸೋಂಕಿರಬಹುದು. ಆಗ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ.