ಮೊನೆಗಿಂತ ಕಡ್ಡಿಯ ಕಥೆ ದೊಡ್ಡದು

ಬೇಟೆ ಬಾಣದ ಚರಿತ್ರೆ ಬರೆದವರೆಲ್ಲ ಮೊನೆಯ ಬಗ್ಗೆಯೇ ಬರೆದಿದ್ದಾರೆ. ಯಾವ ಕಲ್ಲು, ಯಾವ ಉಕ್ಕು, ಎಷ್ಟು ಅಲಗು ಅಂತ. ನಮಗೆ ಕುತೂಹಲ ಹುಟ್ಟಿಸಿದ್ದು ಮೊನೆಯ ಹಿಂದಿರುವ ಕಡ್ಡಿ. ಅಮೆರಿಕದ ಬಿಲ್ಲು ಬೇಟೆಗಾರರಿಗೆ ಅದು ಅರ್ಥವಾಗಲು ದಶಕಗಳೇ ಬೇಕಾದವು.

1911ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಹತ್ತಿರ ಹಸಿದ ಮನುಷ್ಯನೊಬ್ಬ ಕಾಡಿನಿಂದ ಹೊರಬಂದ. ಯಾಹಿ ಜನರಲ್ಲಿ ಉಳಿದಿದ್ದವನು ಅವನೊಬ್ಬನೇ. ಉಳಿದವರಲ್ಲಿ ಬಹುಪಾಲು ಜನರನ್ನು ಬಿಳಿಯ ವಲಸಿಗರು ಕೊಂದಿದ್ದರು. ಅವನು ತನ್ನ ಹೆಸರು ಹೇಳಲೇ ಇಲ್ಲ. ಅವನ ಭಾಷೆಯಲ್ಲಿ 'ಮನುಷ್ಯ' ಎಂಬರ್ಥದ 'ಇಶಿ' ಎಂದೇ ಕರೆದರು. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಅವನನ್ನು ಇರಿಸಿದರು. ಅಲ್ಲಿ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ ಅವನಿಂದ ಬಿಲ್ಲುವಿದ್ಯೆ ಕಲಿತರು. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ.

ಇಶಿಯ ಬಾಣದ ಮೊನೆ ಚಿಕ್ಕದು, ಅಬ್ಸಿಡಿಯನ್ ಕಲ್ಲಿನದು; ಕೆಲವೊಮ್ಮೆ ಬಾಟಲಿ ಗಾಜಿನದು. ಕಡ್ಡಿಯ ಮುಂತುದಿಗೆ ಭಾರದ ಮರದ ತುಂಡನ್ನು ಸೇರಿಸುತ್ತಿದ್ದ. ಪೋಪ್ ಒಂದು ಪೆಟ್ಟಿಗೆಗೆ ಜಿಂಕೆ ಚರ್ಮ ಹೊದಿಸಿ, ಒಳಗೆ ದನದ ಯಕೃತ್ತು ತುಂಬಿ ಪರೀಕ್ಷೆ ಮಾಡಿದರು. ಉಕ್ಕಿಗಿಂತ ಕಲ್ಲಿನ ಮೊನೆಯೇ ಆಳಕ್ಕೆ ಹೋಯಿತು! ಆದರೂ ಪೋಪ್ ಮತ್ತು ಅವರ ಗೆಳೆಯ ಆರ್ಥರ್ ಯಂಗ್ ಬೇಟೆಗೆ ಒಯ್ದದ್ದು ಉಕ್ಕಿನ ಅಗಲ ಮೊನೆ, ಅಂದರೆ ಬ್ರಾಡ್‌ಹೆಡ್.

ಅಗಲ ಅಲಗಿನ ತೊಂದರೆ ಏನೆಂದರೆ, ಅದು ಗಾಳಿಯಲ್ಲಿ ರೆಕ್ಕೆಯಂತೆ ವರ್ತಿಸುತ್ತದೆ. ಬಾಣ ಓರೆಯಾಗಿ ಹೊರಟರೆ ಹಿಂದಿನ ಗರಿ ಅದನ್ನು ನೇರ ಮಾಡಲು ನೋಡುತ್ತದೆ, ಮುಂದಿನ ಅಲಗು ತನ್ನ ದಿಕ್ಕಿಗೆ ಎಳೆಯುತ್ತದೆ. ಸಣ್ಣ ಮೊನೆ ಹಾಕಿ ಅಭ್ಯಾಸ ಮಾಡುವಾಗ ಈ ದೋಷ ಕಾಣುವುದೇ ಇಲ್ಲ. ಕಾಡಿನಲ್ಲಿ ಕಾಣುತ್ತದೆ: ಎದೆಗೆ ಬೀಳಬೇಕಾದ ಬಾಣ ಹೊಟ್ಟೆಗೆ ಬಿದ್ದರೆ ಜಿಂಕೆ ಗಂಟೆಗಟ್ಟಲೆ ನರಳಿ ಸಾಯುತ್ತದೆ. (ನಮ್ಮ ದೇಶದಲ್ಲಿ 1972ರ ಕಾಯ್ದೆಯ ನಂತರ ಈ ಮಾತೆಲ್ಲ ಓದಿಗೆ ಮಾತ್ರ.)

ಓರೆ ಹುಟ್ಟುವುದಾದರೂ ಎಲ್ಲಿ? ಹಗ್ಗ ಹಿಂದಿನಿಂದ ತಳ್ಳುತ್ತದೆ, ಭಾರದ ಮೊನೆ ಜಗ್ಗುವುದಿಲ್ಲ, ನಡುವಿನ ಕಡ್ಡಿ ಬಾಗುತ್ತದೆ. ಬಿಲ್ಲಿನ ಹಿಡಿಯನ್ನು ಸುತ್ತಿ, ಹಾವಿನಂತೆ ಬಳುಕುತ್ತಾ ಹೋಗುತ್ತದೆ. 1930ರ ದಶಕದಲ್ಲಿ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಛಾಯಾಗ್ರಹಣದಿಂದ ಈ ಬಳುಕನ್ನು ಸೆರೆಹಿಡಿದರು. ಹಾಗಾಗಿ ಕಡ್ಡಿಯ ಬಿಗಿತ, ಬಿಲ್ಲುಗಾರರ ಮಾತಿನಲ್ಲಿ 'ಸ್ಪೈನ್', ಬಿಲ್ಲಿನ ಬಲಕ್ಕೂ ಮೊನೆಯ ತೂಕಕ್ಕೂ ಹೊಂದಬೇಕು. ಮೊನೆ ಭಾರವಾದಷ್ಟೂ ಕಡ್ಡಿ ಮೆತ್ತಗಾದಂತೆ ವರ್ತಿಸುತ್ತದೆ. ಮರದ ಕಡ್ಡಿಯನ್ನು 26 ಇಂಚು ಅಂತರದ ಎರಡು ಆಸರೆಗಳ ಮೇಲಿಟ್ಟು, ನಡುವೆ 2 ಪೌಂಡ್ ತೂಗುಹಾಕಿ, ಎಷ್ಟು ಜಗ್ಗಿತೆಂದು ಅಳೆಯುತ್ತಾರೆ. ಅಷ್ಟೇ ಸರಳ.

ಆದರೆ ಒಂದೇ ಮರದ ಎರಡು ಕಡ್ಡಿಗಳೂ ಒಂದೇ ರೀತಿ ಜಗ್ಗುವುದಿಲ್ಲ. ಪೋಪ್ ಪುಸ್ತಕ ಓದಿ ಬಾಣ ಮಾಡಲು ಇಳಿದ ಡಗ್ ಈಸ್ಟನ್ 1939ರಲ್ಲಿ ಅಲ್ಯೂಮಿನಿಯಂ ಕಡ್ಡಿ ತಂದ ಮೇಲೆ ಡಜನ್ ಬಾಣಗಳೂ ಒಂದೇ ಅಳತೆಗೆ ಸಿಗತೊಡಗಿದವು. ಫ್ರೆಡ್ ಬೇರ್ ಅವರ ಹೆಸರುವಾಸಿ 'ರೇಜರ್‌ಹೆಡ್' ಮೊನೆ ಬಂದದ್ದು 1956ರಲ್ಲಿ, ಅದಾದ ಮೇಲೆ. ನಮ್ಮ ಲೆಕ್ಕದಲ್ಲಿ ದೊಡ್ಡ ಹೆಜ್ಜೆ ಈಸ್ಟನ್‌ರದ್ದು.

ಇಂದಿಗೂ ಅಲ್ಲಿನ ಬೇಟೆಗಾರರು ಸೀಸನ್‌ಗೆ ಮೊದಲು ಬಾಣವನ್ನು ಮೊನೆಯ ಮೇಲೆ ಬುಗುರಿಯಂತೆ ತಿರುಗಿಸಿ ನೋಡುತ್ತಾರೆ. ನಡುಗಿದರೆ ಮೊನೆ ಸೊಟ್ಟಗೆ ಕೂತಿದೆ ಎಂದರ್ಥ. ಆಮೇಲೆ ಅಭ್ಯಾಸದ ಮೊನೆಯನ್ನೂ ಬ್ರಾಡ್‌ಹೆಡ್ಡನ್ನೂ ಒಂದೇ ಗುರಿಗೆ ಬಿಡುತ್ತಾರೆ. ಎರಡೂ ಒಂದೇ ಕಡೆ ನಾಟುವವರೆಗೆ ಕಡ್ಡಿ ಬದಲಿಸುತ್ತಾರೆ, ಇಲ್ಲವೇ ಮೊನೆಯ ತೂಕ.