ಕನ್ನಡ ನಾಡಿನ ಮೊದಲ ದೂರದರ್ಶನ ಕೇಂದ್ರ

ಚರಿತ್ರೆಯೆಂದೊಡನೆ ಅರಸರ ವಂಶಾವಳಿಯೂ ಕಾಳಗಗಳ ಇಸವಿಯೂ ವಿದ್ಯಾರ್ಥಿಗಳ ನೆನಪಿಗೆ ಬರುವುದು ಸಹಜ. ಆದರೆ ಒಂದು ಊರಿಗೆ ಅಂಚೆ ಯಾವಾಗ ಬಂದಿತು, ಶಾಲೆ ಯಾವಾಗ ತೆರೆಯಿತು, ತಮ್ಮ ಭಾಷೆಯ ಮಾತು ಯಂತ್ರದ ಮೂಲಕ ಮೊದಲು ಎಂದು ಕೇಳಿಸಿತು ಎಂಬುವೂ ಚರಿತ್ರೆಯ ಸಂಗತಿಗಳೇ. ಇವುಗಳಿಂದ ಜನರ ಬಾಳಿನಲ್ಲಿ ಆದ ಮಾರ್ಪಾಡು ಎಷ್ಟೋ ಕಾಳಗಗಳಿಂದ ಆದುದಕ್ಕಿಂತ ಮಿಗಿಲು. ಅಂತಹ ಒಂದು ಸಂಗತಿಯನ್ನು ಈ ಲೇಖನದಲ್ಲಿ ನಾವು ವಿಚಾರಿಸಬಯಸುತ್ತೇವೆ.

ಕನ್ನಡ ನಾಡಿನಲ್ಲಿ ಮೊದಲ ದೂರದರ್ಶನ ಕೇಂದ್ರವು ಸ್ಥಾಪಿತವಾದುದು ಎಲ್ಲಿ? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ರಾಜಧಾನಿಯಾದ ಬೆಂಗಳೂರಿನ ಹೆಸರನ್ನೇ ಬಹುಮಂದಿ ಹೇಳುವರು. ನಿಜಾಂಶ ಬೇರೆ. 1977ನೆಯ ಇಸವಿ ಸೆಪ್ಟೆಂಬರ್ 3ರಂದು ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಆ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದುದು 1981ರಲ್ಲಿ. ರಾಜಧಾನಿಗಿಂತ ನಾಲ್ಕು ವರ್ಷ ಮುಂಚೆ ದೂರದ ಗಡಿಯ ಜಿಲ್ಲೆಯೊಂದಕ್ಕೆ ಈ ಭಾಗ್ಯ ಹೇಗೆ ದೊರೆಯಿತು? ದೊರೆತುದು ಹೇಗೆ ಉಳಿಯಿತು? ಇವೆರಡೂ ತಿಳಿಯತಕ್ಕ ವಿಷಯಗಳು.

ನೀಲಗಿರಿಯಲ್ಲಿರುವ ನಮಗೆ ಕಲಬುರಗಿಯ ಮಾತೇಕೆ ಎಂದು ವಾಚಕರು ಕೇಳಬಹುದು. ಕಲಬುರಗಿಯು 1956ರ ನವೆಂಬರ್ 1ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ನಿಜಾಮರ ಆಳಿಕೆಯಲ್ಲಿ ಉರ್ದು ಆಡಳಿತದ ಭಾಷೆ. ಮನೆಯ ಮಾತು ಒಂದು, ಕಚೇರಿಯ ಮಾತು ಇನ್ನೊಂದು ಎಂಬ ಸ್ಥಿತಿಯಲ್ಲಿ ಅಲ್ಲಿಯ ಕನ್ನಡಿಗರು ಬಹುಕಾಲ ಬಾಳಿದರು. ಉದಕಮಂಡಲ, ಗೂಡಲೂರು, ಮಸಿನಗುಡಿಗಳಲ್ಲಿ ನೆಲಸಿ, ಬಂಡೀಪುರದ ಕಾಡಿನಾಚೆಗೆ ಕನ್ನಡ ನಾಡನ್ನು ನೋಡುತ್ತಿರುವ ನಮಗೆ ಆ ಸ್ಥಿತಿಯನ್ನು ವಿವರಿಸಿ ಹೇಳಬೇಕಾದುದಿಲ್ಲ. ಅಂಚಿನಲ್ಲಿರುವವರ ಚರಿತ್ರೆಯನ್ನು ಅಂಚಿನಲ್ಲಿರುವವರೇ ಆಸ್ಥೆಯಿಂದ ಓದಬೇಕು.

ಮೊದಲು ಹಿನ್ನೆಲೆಯನ್ನು ನೋಡೋಣ. ಗಾಳಿಯಲ್ಲಿ ಮಾತನ್ನು ಕಳುಹಿಸುವ ಸಾಹಸದಲ್ಲಿ ಕನ್ನಡಿಗರು ಹಿಂದುಳಿದವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ ಇಡೀ ಭಾರತದ ಬಾನುಲಿಯೇ ಈ ಹೆಸರನ್ನು ತನ್ನದಾಗಿಸಿಕೊಂಡಿತು. ಇದು ಖಾಸಗಿಯಾಗಿ, ಒಬ್ಬರ ಉತ್ಸಾಹದಿಂದ ಹುಟ್ಟಿದ ಕೇಂದ್ರ. ದೂರದರ್ಶನದ ಮಾತು ಹಾಗಲ್ಲ. ಅದರ ವೆಚ್ಚ ಅಪಾರ. ಸರ್ಕಾರದ ನೆರವಿಲ್ಲದೆ ಆಗ ಅದು ಸಾಧ್ಯವಿರಲಿಲ್ಲ.

ಭಾರತದಲ್ಲಿ ದೂರದರ್ಶನವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಯೋಗರೂಪದಲ್ಲಿ ಮೊದಲಾಯಿತು. 1961ರಲ್ಲಿ ಅಲ್ಲಿಯ ಶಾಲೆಗಳಿಗಾಗಿ ಪಾಠಗಳು ಬಂದುವು. ರೈತರಿಗಾಗಿ 'ಕೃಷಿ ದರ್ಶನ' ಬಂದುದು 1967ರ ಜನವರಿ 26ರಂದು. ದೆಹಲಿಯನ್ನು ಬಿಟ್ಟರೆ ಮುಂಬಯಿಗೆ ಕೇಂದ್ರ ದೊರೆತುದು 1972ರಲ್ಲಿ, ಮದರಾಸಿಗೆ 1975ರಲ್ಲಿ. ಎಲ್ಲವೂ ಮಹಾನಗರಗಳೇ. ಹಳ್ಳಿಗಳ ಗತಿಯೇನು?

ಇಲ್ಲಿ ಒಂದು ವಿಜ್ಞಾನದ ಅಂಶವನ್ನು ಗಮನಿಸಬೇಕು. ದೂರದರ್ಶನದ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಸಾಗುವುವು. ಬೆಟ್ಟ ಅಡ್ಡಬಂದರೆ ಅದರ ಹಿಂದಣ ಕಣಿವೆಗೆ ಚಿತ್ರ ಇಳಿಯದು. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ಮಡಿಲಿನಲ್ಲಿರುವ ನಮ್ಮ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರಿವಾಗುವುದು. ಬಯಲು ಸೀಮೆಯಲ್ಲಿಯೂ ಭೂಮಿಯ ದುಂಡುತನದಿಂದಾಗಿ ಒಂದು ಗೋಪುರದ ಪ್ರಸಾರ ಹೆಚ್ಚು ದೂರ ಮುಟ್ಟದು. ಆದಕಾರಣ ದೇಶದ ಹಳ್ಳಿಗಳಿಗೆಲ್ಲ ಚಿತ್ರ ಮುಟ್ಟಬೇಕಾದರೆ ಲೆಕ್ಕವಿಲ್ಲದಷ್ಟು ಗೋಪುರಗಳನ್ನು ಕಟ್ಟಬೇಕು. ಇಲ್ಲವೆ ಗೋಪುರವನ್ನು ಆಕಾಶದಲ್ಲಿಯೇ ನಿಲ್ಲಿಸಬೇಕು!

ಈ ಎರಡನೆಯ ಮಾರ್ಗವನ್ನು ಹಿಡಿದವರು ಡಾ. ವಿಕ್ರಂ ಸಾರಾಭಾಯಿ. ಅವರ ಪ್ರಯತ್ನದಿಂದ 1969ರಲ್ಲಿ ಭಾರತಕ್ಕೂ ಅಮೆರಿಕೆಗೂ ಒಪ್ಪಂದವಾಯಿತು. ಅಮೆರಿಕೆಯ 'ಎ.ಟಿ.ಎಸ್.-6' ಎಂಬ ಉಪಗ್ರಹವನ್ನು ಒಂದು ವರ್ಷ ಭಾರತದ ಹಳ್ಳಿಗಳ ಬೋಧನೆಗಾಗಿ ಬಳಸುವುದು. ಕಾರ್ಯಕ್ರಮಗಳನ್ನೂ ನೆಲದ ಮೇಲಿನ ಯಂತ್ರಗಳನ್ನೂ ಭಾರತವೇ ಸಿದ್ಧಪಡಿಸುವುದು. ಸಾರಾಭಾಯಿಯವರು 1971ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಕನಸು ನಿಲ್ಲಲಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಈ ಪ್ರಯೋಗ ನಡೆಯಿತು. ಇಂಗ್ಲಿಷಿನ ಮೊದಲ ಅಕ್ಷರಗಳನ್ನು ಕೂಡಿಸಿ ಇದನ್ನು 'ಸೈಟ್' ಎಂದು ಕರೆದರು.

ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕೆ ಆಯ್ಕೆಯಾದುವು. ಹಿಂದುಳಿದ ಪ್ರದೇಶಗಳಿಗೆ ಮೊದಲ ಸ್ಥಾನವೆಂಬುದು ನಿಯಮವಾಗಿದ್ದಿತು. ಕರ್ನಾಟಕದಲ್ಲಿ ಈ ಲೆಕ್ಕದಿಂದ ಆರಿಸಲ್ಪಟ್ಟುವು ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳು. ಬಡತನವೂ ಬರಗಾಲವೂ ಒಮ್ಮೆಯಾದರೂ ಮರ್ಯಾದೆಯನ್ನು ತಂದುಕೊಟ್ಟುವು ಎನ್ನಬಹುದು.

ಉಪಗ್ರಹವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತ, ಆಕಾಶದಲ್ಲಿ ಒಂದೆಡೆ ನಿಂತಂತೆ ಇದ್ದಿತು. ಅಹಮದಾಬಾದಿನಿಂದ ಮೇಲಕ್ಕೆ ಕಳುಹಿಸಿದ ಚಿತ್ರವು ಅಲ್ಲಿಂದ ಹಳ್ಳಿಗೆ ಇಳಿಯುತ್ತಿತ್ತು. ಅದನ್ನು ಹಿಡಿಯಲು ಸುಮಾರು 3 ಮೀಟರ್ ಅಗಲದ, ಕೋಳಿಗೂಡಿಗೆ ಹಾಕುವಂತಹ ತಂತಿಬಲೆಯ ಒಂದು ಕೊಡೆ. ಉದಕಮಂಡಲದ ಸಮೀಪದ ಮುತ್ತೊರೈಯಲ್ಲಿ 1970ರಲ್ಲಿ ಸಿದ್ಧವಾದ, 530 ಮೀಟರ್ ಉದ್ದದ ರೇಡಿಯೋ ದೂರದರ್ಶಕವನ್ನು ಕಂಡಿರುವ ವಿದ್ಯಾರ್ಥಿಗಳು ಈ ಎರಡನ್ನೂ ಹೋಲಿಸಿ ನೋಡಲಿ. ಅದು ದೂರದ ನಕ್ಷತ್ರಲೋಕದ ಅಲೆಗಳನ್ನು ಹಿಡಿಯುವ ಕಿವಿ. ಇದು ಹಳ್ಳಿಯವರಿಗಾಗಿ ಕಳುಹಿಸಿದ ಚಿತ್ರವನ್ನು ಹಿಡಿಯುವ ಬೊಗಸೆ.

ದೂರದರ್ಶನದ ಪೆಟ್ಟಿಗೆ ಯಾರ ಮನೆಯಲ್ಲಿಯೂ ಇರಲಿಲ್ಲ. ಊರಿನ ಸಾರ್ವಜನಿಕ ಕಟ್ಟಡದಲ್ಲಿ, ಬಹುಮಟ್ಟಿಗೆ ಶಾಲೆಯಲ್ಲಿಯೇ ಇದ್ದಿತು. ಬೆಳಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ ಮೀಸಲು. ಸಂಜೆಯ ಎರಡೂವರೆ ಗಂಟೆಯಲ್ಲಿ ಬೇಸಾಯ, ಆರೋಗ್ಯ ಮುಂತಾದ ವಿಷಯಗಳು. ಈ ಕಾಲವನ್ನು ಹಲವು ಭಾಷೆಗಳು ಹಂಚಿಕೊಳ್ಳಬೇಕಾಗಿತ್ತು. ಕನ್ನಡದ ಕಾರ್ಯಕ್ರಮಗಳು ತೆಲುಗಿನವುಗಳೊಡನೆ ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದುವು. ನಮ್ಮ ವೃತ್ತಿಬಂಧುಗಳು ನೆನಪಿಡತಕ್ಕ ಇನ್ನೊಂದು ಅಂಶವುಂಟು. 1975ರ ಅಕ್ಟೋಬರಿನ ರಜೆಯಲ್ಲಿ ಈ ಹಳ್ಳಿಗಳ ಕಡೆಯ ಸುಮಾರು 24,000 ಪ್ರಾಥಮಿಕ ಶಾಲಾ ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯಲ್ಲಿ 12 ದಿನಗಳ ತರಬೇತಿಯನ್ನು ಇದೇ ಉಪಗ್ರಹದ ಮೂಲಕ, ಚಟುವಟಿಕೆ ಚರ್ಚೆಗಳೊಡನೆ, ಕೊಡಲಾಯಿತು. ತರಬೇತಿ ಶಾಲೆಯ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದ ಬಳಿಕ ಹೊಸ ವಿದ್ಯೆಯ ಗಾಳಿ ಹಳ್ಳಿಯ ಉಪಾಧ್ಯಾಯನಿಗೆ ಬೀಸುವುದು ಎಷ್ಟು ಅಪರೂಪವೆಂಬುದನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುವುದು.

ವರ್ಷ ಮುಗಿಯಿತು. ಉಪಗ್ರಹವು ಎರವಲಿನದು, ಒಡೆಯನಿಗೆ ಹಿಂದಿರುಗಿಸಬೇಕಾಯಿತು. ಪೆಟ್ಟಿಗೆಗಳು ಶಾಲೆಗಳಲ್ಲಿ ಉಳಿದುವು, ಚಿತ್ರ ಬರುವುದು ನಿಂತಿತು. ರುಚಿ ತೋರಿಸಿ ತಟ್ಟೆಯನ್ನು ಕಸಿದುಕೊಂಡಂತಾಗಬಾರದೆಂದು, ಆಯ್ದ ಹಳ್ಳಿಗಳ ಸುತ್ತಮುತ್ತ ನೆಲದ ಮೇಲೆಯೇ ಪ್ರಸಾರ ಕೇಂದ್ರಗಳನ್ನು ಸ್ಥಾಪಿಸುವ ಏರ್ಪಾಡಾಯಿತು. ಜಯಪುರ, ರಾಯಪುರ, ಮುಜಫ್ಫರಪುರ, ಸಂಬಲಪುರ, ಹೈದರಾಬಾದುಗಳ ಜೊತೆಗೆ ಗುಲ್ಬರ್ಗಕ್ಕೂ ಕೇಂದ್ರ ದೊರೆತುದು ಹೀಗೆ. ಆಕಾಶದಿಂದ ಇಳಿದ ಬಳ್ಳಿ ನೆಲದಲ್ಲಿ ಬೇರೂರಿತು.

ಆಮೇಲಿನ ಕಥೆ ವೇಗವಾಗಿ ಸಾಗುತ್ತದೆ. 1982ರಲ್ಲಿ ವರ್ಣಚಿತ್ರ ಬಂದಿತು, ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1983ರಲ್ಲಿ 'ಇನ್ಸಾಟ್-1ಬಿ' ಉಪಗ್ರಹ ಮೇಲೇರಿತು. ಅದನ್ನು ನಿಯಂತ್ರಿಸುವ ಕೇಂದ್ರ ನಮ್ಮ ಹಾಸನದಲ್ಲಿಯೇ ಎಂಬುದು ಕನ್ನಡಿಗರಿಗೆ ಹೆಮ್ಮೆ. ಊರೂರಿಗೆ ಸಣ್ಣ ಪ್ರಸಾರಯಂತ್ರಗಳು ಬಂದುವು. ಆದರೆ ಅವುಗಳಲ್ಲಿ ಹೆಚ್ಚಿನವು ದೂರದಲ್ಲಿ ಸಿದ್ಧವಾದುದನ್ನು ಹಿಡಿದು ಮರುಪ್ರಸಾರ ಮಾಡುವಂತಹವು. ಅವಕ್ಕೆ ಕಿವಿಯುಂಟು, ಸ್ವಂತ ನಾಲಗೆಯಿಲ್ಲ. ಬೆಂಗಳೂರಿನ ಕೇಂದ್ರ ಬೆಳೆದು, 'ಚಂದನ' ವಾಹಿನಿಯು ಉಪಗ್ರಹದ ಮೂಲಕ ಕನ್ನಡವನ್ನು ದೇಶದ ಎಲ್ಲೆಡೆಗೂ ತಲುಪಿಸಿದುದು ದೊಡ್ಡ ಉಪಕಾರವೇ ಸರಿ. ಅದರೊಡನೆ ಹಿರಿಯಕ್ಕನಾದ ಕಲಬುರಗಿಯ ಕೇಂದ್ರ ಹಿನ್ನೆಲೆಗೆ ಸರಿಯಿತು.

2021ರ ಅಕ್ಟೋಬರಿನಲ್ಲಿ ಕಲಬುರಗಿಯ ಕೇಂದ್ರವು ಮುಚ್ಚುವುದೆಂಬ ಸುದ್ದಿ ಹರಡಿ ಅಲ್ಲಿಯ ಜನರಲ್ಲಿ ಆತಂಕ ಮೂಡಿತು. ಹಳೆಯ ಬಗೆಯ ನೆಲದ ಪ್ರಸಾರಯಂತ್ರಗಳನ್ನು ಮಾತ್ರ ದೇಶದಾದ್ಯಂತ ನಿಲ್ಲಿಸಲಾಗುತ್ತಿದೆ, ಕಲಬುರಗಿಯ ಕೇಂದ್ರವು ಕಾರ್ಯಕ್ರಮಗಳನ್ನು ತಯಾರಿಸುತ್ತಲೇ ಇರುವುದು, ಅವು ರಾಜ್ಯದ ಉಪಗ್ರಹ ವಾಹಿನಿಯಲ್ಲಿ ಪ್ರಸಾರವಾಗುವುವು ಎಂದು ಪ್ರಸಾರ ಭಾರತಿಯು ಆಗ ಸ್ಪಷ್ಟಪಡಿಸಿತು. ಯಂತ್ರದ ಕಾಲ ಮುಗಿದುದು ನಿಜ, ಅದಕ್ಕಾಗಿ ದುಃಖಿಸಬೇಕಾದುದಿಲ್ಲ. ಆದರೆ ಜನರ ಆತಂಕಕ್ಕೆ ಯಂತ್ರವೊಂದೇ ಕಾರಣವಾಗಿರಲಾರದು. ತಮ್ಮ ಸೀಮೆಯ ಮಾತು, ತಮ್ಮ ತೊಗರಿಹೊಲದ ಚಿಂತೆ, ತಮ್ಮ ಹಾಡು, ಇವುಗಳಿಗೆ ಒಂದು ಮನೆಯಿತ್ತು. ಅದು ಇಲ್ಲವಾದೀತೆಂಬ ಭಯ ಅದರ ಹಿಂದೆ ಇದ್ದಿತೆಂದು ನಾವು ತಿಳಿಯುತ್ತೇವೆ.

ಈ ಚರಿತ್ರೆಯಿಂದ ನಾವು ಅರಿಯಬೇಕಾದುದು ಇಷ್ಟು. ಗೋಪುರವನ್ನು ಇನ್ನೊಬ್ಬರು ಕಟ್ಟಿಕೊಡಬಲ್ಲರು, ಉಪಗ್ರಹವನ್ನು ಎರವಲು ತರಬಹುದು. ಅದರಲ್ಲಿ ಆಡುವ ಮಾತನ್ನು ಆ ಊರಿನವರೇ ಸಿದ್ಧಪಡಿಸಬೇಕು. ಮಾತು ಸಿದ್ಧವಾಗುವವರೆಗೆ ಮಾತ್ರ ಕೇಂದ್ರವು ಸ್ಥಳೀಯವೆನಿಸುವುದು. ಆಮೇಲೆ ಅದು ಬರಿಯ ಕಂಬ. ಇಂದು ನೀಲಗಿರಿಯ ಮನೆಗಳಿಗೆ ಬೆಂಗಳೂರಿನ ಕನ್ನಡ ಬೇಕಾದಷ್ಟು ಬರುತ್ತದೆ. ಮೋಯಾರಿನ ಈಚೆಯ ಕನ್ನಡಿಗರ ಬಾಳಿನ ವಿಷಯ ಅದರಲ್ಲಿ ಬರುವುದು ಅಪರೂಪ. ಆ ಕೊರತೆಯನ್ನು ತುಂಬುವ ಹೊಣೆ ಹೊರಗಿನವರದಲ್ಲ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನಮ್ಮದೊಂದು ಬಿನ್ನಹ. ತಮ್ಮ ಹಟ್ಟಿಗೆ ಅಥವಾ ಊರಿಗೆ ಮೊದಲ ರೇಡಿಯೋ, ಮೊದಲ ದೂರದರ್ಶನದ ಪೆಟ್ಟಿಗೆ ಯಾವ ವರ್ಷ ಬಂದಿತು, ಯಾವ ಭಾಷೆಯಲ್ಲಿ ಮಾತನಾಡಿತು, ಕನ್ನಡದ ದನಿ ಯಾವ ದಿಕ್ಕಿನಿಂದ ಕೇಳಿಸಿತು ಎಂಬುದನ್ನು ವಿದ್ಯಾರ್ಥಿಗಳು ತಮ್ಮ ತಾತ ಅಜ್ಜಿಯರನ್ನು ಕೇಳಿ ಒಂದೊಂದು ಪುಟ ಬರೆಯುವಂತೆ ಮಾಡಿರಿ. ಬರೆದುದನ್ನು ಈ ಪತ್ರಿಕೆಗೆ ಕಳುಹಿಸಿರಿ. ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ನಡೆಯಬೇಕು.